ಕಲೊಲೇನಿ ರಸ್ತೆಯ ಮಕ್ಕಳ ಮನೆ

ಕೀನ್ಯಾದ ಮೊಂಬಾಸಾ ಬಂದರಿನಿಂದ ನೈರೋಬಿಗೆ ಹೋಗುವ ಹೆದ್ದಾರಿ ಯಾವಾಗಲೂ ಲಾರಿಗಳಿಂದ ತುಂಬಿರುತ್ತದೆ. ಉಗಾಂಡಾ, ರವಾಂಡಾ ಕಡೆಯ ಕಂಟೇನರ್‌ಗಳೂ ಇದೇ ದಾರಿ ಹಿಡಿಯುತ್ತವೆ. ಮಝೇರಸ್ ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಕಲೊಲೇನಿ ರಸ್ತೆ. ಅಲ್ಲಿಂದ ಮುಂದೆ ಗುಡ್ಡ ಹತ್ತುವುದು, ಇಳಿಯುವುದು. ಎರಡೂ ಕಡೆ ತೆಂಗು. ನಡುನಡುವೆ ಗೇರು, ಮಾವು, ಮರಗೆಣಸು. ಕಳ್ಳು ಇಳಿಸುವವರು ಹತ್ತಲಿಕ್ಕೆಂದು ತೆಂಗಿನ ಮರಗಳಿಗೆ ಕಚ್ಚು ಹಾಕಿರುತ್ತಾರೆ. ಮನೆಗಳಿಗೆ ಮಣ್ಣಿನ ಗೋಡೆ, ಮೇಲೆ ಮಕುಟಿ, ಅಂದರೆ ಮಡಲು ಹೆಣೆದು ಹೊದೆಸಿದ ಮಾಡು. ಮಂಗಳೂರು ಕಡೆಯವಳಾದ ನಾನು ಚಿಕ್ಕಂದಿನಲ್ಲಿ ನೋಡಿದ ಮಾಡು ಅದು. ಈಗ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ.

ಈ ರಸ್ತೆಯ ಬದಿಯಲ್ಲಿ ಅಲ್ಲಿನ ಒಂದು ಕ್ರೈಸ್ತ ಸಭೆಯವರು ನಡೆಸುವ ಮಕ್ಕಳ ಮನೆ, ಅಂದರೆ ಅನಾಥಾಲಯದಂಥದ್ದು, ಇದೆ. ನಾನು ಅಲ್ಲಿ ಹೊಲಿಗೆ ಕಲಿಸಲಿಕ್ಕೆ ಹೋಗಿದ್ದೆ. ಮನೆಯ ಹೆಸರನ್ನು ಬರೆಯುವುದಿಲ್ಲ. ಮಕ್ಕಳ ಹೆಸರು, ಫೋಟೊ, ಗುರುತು ಎಲ್ಲೂ ಹಾಕಬಾರದು ಅಂತ ಅವರ ನಿಯಮ. ಅದು ಒಳ್ಳೆಯ ನಿಯಮ.

ನನ್ನ ತಮ್ಮ ಮೊಂಬಾಸಾದಲ್ಲಿ ಕೆಲಸದಲ್ಲಿದ್ದಾನೆ. ಅವನು ಹೋಗುವ ಚರ್ಚಿನವರು ಈ ಮನೆಗೆ ಅಕ್ಕಿ, ಮೆಕ್ಕೆಜೋಳದ ಹಿಟ್ಟು ಕೊಡುತ್ತಾ ಬಂದಿದ್ದಾರೆ. ನಾನು ಟೈಲರಿಂಗ್ ಟೀಚರ್ ಆಗಿ ನಿವೃತ್ತಿಯಾದ ವರ್ಷ ಅವನು ಫೋನ್ ಮಾಡಿದ. "ಅಕ್ಕ, ಇಲ್ಲಿ ಒಂದು ಕೋಣೆ ತುಂಬಾ ಹೊಲಿಗೆ ಮೆಷಿನ್ ತುಕ್ಕು ಹಿಡೀತಾ ಇವೆ. ಯಾರೋ ದಾನ ಕೊಟ್ಟು ಹೋದದ್ದು. ಓಡಿಸುವವರಿಲ್ಲ. ನೀವು ಸ್ವಲ್ಪ ಬಂದು ನೋಡಬಾರದಾ?" ಮಕ್ಕಳಿಗೆ ಪ್ರೀತಿ ಕೊಡಲು ಬನ್ನಿ ಅಂತ ಕರೆದಿದ್ದರೆ ನಾನು ಹೋಗುತ್ತಿದ್ದೆನೋ ಇಲ್ಲವೋ. ಮೆಷಿನ್ ನೋಡಲು ಬನ್ನಿ ಅಂದದ್ದರಿಂದ ಧೈರ್ಯ ಬಂತು. ಅದು ನನಗೆ ಗೊತ್ತಿರುವ ಕೆಲಸ.

ಹೋಗುವ ಮೊದಲಿನ ತಯಾರಿ ಜಾಸ್ತಿಯೇ ಇತ್ತು. ಹಳದಿ ಜ್ವರದ ಚುಚ್ಚುಮದ್ದನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಹೊರಡುವ ಹತ್ತು ದಿನ ಮೊದಲೇ. ಆ ಹಳದಿ ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೂ ಪ್ರತ್ಯೇಕವಾಗಿ ಇಡಬಹುದು. ಕರಾವಳಿಯಲ್ಲಿ ಮಲೇರಿಯಾ ಇರುವುದರಿಂದ ಅದರ ಮಾತ್ರೆಯನ್ನೂ ಡಾಕ್ಟರ್ ಬರೆದುಕೊಟ್ಟರು. 2024ರಿಂದ ಕೀನ್ಯಾಕ್ಕೆ ಹಳೆಯ ರೀತಿಯ ವೀಸಾ ಇಲ್ಲ, ಆನ್‌ಲೈನ್‌ನಲ್ಲಿ ಇ-ಟಿಎ ಎಂಬ ಪ್ರಯಾಣದ ಅನುಮತಿ ಮಾಡಿಸಿಕೊಂಡು ಹೋಗಬೇಕು. ಸೇವೆ ಮಾಡಲು ಬೇಕಾದ ಅನುಮತಿಯ ವಿಷಯವನ್ನು ಮಕ್ಕಳ ಮನೆಯವರೇ ನೋಡಿಕೊಂಡರು.

ಅವರು ನನ್ನಿಂದ ಕೇಳಿದ ಕಾಗದಗಳ ಬಗ್ಗೆ ಎರಡು ಮಾತು ಹೇಳಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕೇ ಬೇಕು. ನಮ್ಮ ಸಭೆಯ ಪಾಸ್ಟರರಿಂದ ಒಂದು ಪತ್ರ, ಕೆಲಸ ಮಾಡಿದ ಕಡೆಯಿಂದ ಇನ್ನೊಂದು. ಕೊನೆಗೆ ಸಹಿ ಹಾಕಿ ಕಳಿಸಲು ಒಂದು ನಿಯಮಗಳ ಹಾಳೆ. ಯಾವ ಮಗುವಿನ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಒಂದೇ ಮಗುವಿಗೆ ಉಡುಗೊರೆ ಕೊಡಬಾರದು. "ನಿನ್ನನ್ನು ನಮ್ಮ ದೇಶಕ್ಕೆ ಕರೆದುಕೊಂಡು ಹೋಗ್ತೇನೆ" ಎಂಬಂಥ ಮಾತು ತಮಾಷೆಗೂ ಆಡಬಾರದು. ಮಗುವಿನ ಹಿಂದಿನ ಕಥೆಯನ್ನು ಕೆದಕಬಾರದು. ಓದುತ್ತಾ ಹೋದ ಹಾಗೆ ನನಗೆ ಈ ಮನೆಯ ಮೇಲೆ ನಂಬಿಕೆ ಬಂತು. ಇಷ್ಟು ಕೇಳದೆ ಯಾರನ್ನು ಬೇಕಾದರೂ ಒಳಗೆ ಬಿಡುವ ಮಕ್ಕಳ ಮನೆ ಯಾವ ದೇಶದಲ್ಲಿದ್ದರೂ ಅಲ್ಲಿಗೆ ಹೋಗಬೇಡಿ.

ಮುಂಬೈಯಿಂದ ನೈರೋಬಿಗೆ ವಿಮಾನ, ಅಲ್ಲಿಂದ ಮೊಂಬಾಸಾಗೆ ರೈಲು. 2017ರಲ್ಲಿ ಶುರುವಾದ ಮಡರಾಕಾ ಎಕ್ಸ್‌ಪ್ರೆಸ್. ಚೀನಾದವರು ಕಟ್ಟಿಕೊಟ್ಟ ಹೊಸ ಹಳಿ. ಹತ್ತುವ ಮೊದಲು ಬ್ಯಾಗುಗಳನ್ನೆಲ್ಲ ಸಾಲಾಗಿ ನೆಲದ ಮೇಲಿಡಿಸಿ ನಾಯಿಯಿಂದ ಮೂಸಿಸುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಕತ್ತರಿ, ಸೂಜಿ ಪ್ಯಾಕೆಟ್ಟು, ಬಾಬಿನ್ ಕೇಸು, ಚರ್ಮದ ಬೆಲ್ಟು ಎಲ್ಲ ಇದ್ದವು. ಬಿಚ್ಚಿಸಿ ನೋಡಿದ ಪೊಲೀಸ್ ಹೆಂಗಸು "ಫುಂಡಿ!" ಅಂತ ನಕ್ಕರು. ಅಲ್ಲಿ ಟೈಲರನ್ನೂ ಹಾಗೆ ಕರೆಯುತ್ತಾರೆ, ಬಡಗಿಯನ್ನೂ ಹಾಗೇ ಕರೆಯುತ್ತಾರೆ.

ರೈಲು ತ್ಸಾವೊ ಕಾಡಿನ ನಡುವೆ ಹೋಗುತ್ತದೆ. ಕೆಂಪು ಮಣ್ಣು ಮೈಗೆ ಬಳಿದುಕೊಂಡ ಆನೆಗಳು ಕಿಟಕಿಯಿಂದಲೇ ಕಂಡವು. 1896ರಲ್ಲಿ ಮೊಂಬಾಸಾದಿಂದ ಶುರುವಾಗಿ 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿದ ಬ್ರಿಟಿಷರ ಕಾಲದ ರೈಲು ದಾರಿಯೂ ಈ ಕಡೆಯದ್ದೇ. ಅದಕ್ಕೆ ಮಣ್ಣು ಹೊತ್ತವರು ಹಿಂದುಸ್ಥಾನದ ಕೂಲಿಗಳು. ಮೂವತ್ತು ಸಾವಿರಕ್ಕಿಂತ ಜಾಸ್ತಿ ಜನ ಬಂದಿದ್ದರು, ಪಂಜಾಬಿನವರೇ ಹೆಚ್ಚು. ಸುಮಾರು 2,500 ಜನ ಇಲ್ಲೇ ಸತ್ತರು. 1898ರಲ್ಲಿ ತ್ಸಾವೊ ಸೇತುವೆಯ ಕೆಲಸಗಾರರನ್ನು ಎರಡು ಸಿಂಹಗಳು ಹಿಡಿದ ಕಥೆ ಪ್ರಪಂಚಕ್ಕೇ ಗೊತ್ತು. ಜ್ವರ, ಭೇದಿಯಿಂದ ಸತ್ತವರ ಕಥೆಯನ್ನು ಯಾರೂ ಅಷ್ಟು ಹೇಳುವುದಿಲ್ಲ. ಅವರೂ ಯಾರದ್ದೋ ಅಪ್ಪಂದಿರೇ ತಾನೇ.

ಮಕ್ಕಳ ಮನೆ ಅಂದರೆ ನಮ್ಮ ಕಡೆಯ ಬೋರ್ಡಿಂಗ್ ಹೋಮ್ ನೆನಪಾಗುತ್ತದೆ. ಉದ್ದನೆಯ ಕಟ್ಟಡ, ಸಾಲು ಮಂಚ, ಅಂಗಳದಲ್ಲಿ ಗಂಟೆ. ಇಲ್ಲಿ ಹಾಗಿರಲಿಲ್ಲ. ತಗಡಿನ ಮಾಡಿನ ಸಣ್ಣ ಸಣ್ಣ ಮನೆಗಳು. ಒಂದೊಂದರಲ್ಲಿ ಏಳೆಂಟು ಮಕ್ಕಳು, ನೋಡಿಕೊಳ್ಳಲು ಒಬ್ಬರು ಹೆಂಗಸು. ನಡುವೆ ಅಡುಗೆ ಮನೆ, ಮಳೆನೀರು ತುಂಬುವ ದೊಡ್ಡ ಕಪ್ಪು ಟ್ಯಾಂಕು, ಹರಿವೆ ಸೊಪ್ಪಿನ ಪಾತಿ. ಹರಿವೆಗೆ ಅವರು ಎಂಚಿಚಾ ಅನ್ನುತ್ತಾರೆ, ಈರುಳ್ಳಿ ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ರಾತ್ರಿ ಹೆಚ್ಚಾಗಿ ಸಿಮಾ. ಬಿಳಿ ಮೆಕ್ಕೆಜೋಳದ ಹಿಟ್ಟಿನದ್ದು, ನಮ್ಮ ಮುದ್ದೆಯ ಹಾಗೆ ಕೈಯಲ್ಲಿ ಮುರಿದು ಸೊಪ್ಪಿಗೋ ಬೀನ್ಸ್ ಸಾರಿಗೋ ಅದ್ದಿ ತಿನ್ನುವುದು. ಭಾನುವಾರ ಬೆಳಿಗ್ಗೆ ಮಹಾಮ್ರಿ, ಎಣ್ಣೆಯಲ್ಲಿ ಕರಿದ ಏಲಕ್ಕಿ ಪರಿಮಳದ ಉಬ್ಬು ರೊಟ್ಟಿ. ಜೊತೆಗೆ ತೆಂಗಿನ ಹಾಲಿನಲ್ಲಿ ಬೆಂದ ತೊಗರಿಕಾಳು. ಆ ತೊಗರಿಕಾಳಿಗೆ ನಾನು ಎರಡು ಬಾರಿ ಬಡಿಸಿಕೊಳ್ಳದೆ ಎದ್ದದ್ದೇ ಇಲ್ಲ.

ಮೊದಲ ಸಂಜೆಯೇ ಮಕ್ಕಳು ಸುತ್ತ ನಿಂತರು. ಚಿಕ್ಕವರು ದೊಡ್ಡವರಿಗೆ "ಶಿಕಮೂ" ಅಂತ ನಮಸ್ಕಾರ ಹೇಳಬೇಕು, ದೊಡ್ಡವರು "ಮರಹಬಾ" ಅಂತ ಉತ್ತರಿಸಬೇಕು. ಅಷ್ಟನ್ನು ತಮ್ಮ ಹೇಳಿಕೊಟ್ಟಿದ್ದ. ಐದಾರು ವರ್ಷದ ಒಬ್ಬಳು ಬಂದವಳೇ ನನ್ನ ಮೊಣಕಾಲು ಅಪ್ಪಿಕೊಂಡಳು, ಬಿಡಲೇ ಇಲ್ಲ. ಹೆಸರೂ ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಮೇಟ್ರನ್ ಮೆಲ್ಲಗೆ ಅವಳ ಕೈ ಬಿಡಿಸಿ, ಸೊಪ್ಪು ಬಿಡಿಸುತ್ತಿದ್ದ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

ಆಮೇಲೆ ಒಬ್ಬರೇ ಇದ್ದಾಗ ನನಗೆ ಹೇಳಿದರು. "ಸಿಸ್ಟರ್, ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಮೊದಲು ಅಮ್ಮನ ಹಿಂದೆ ಅಡಗಿಕೊಳ್ಳುತ್ತದೆ. ಯಾರನ್ನು ಕಂಡರೂ ಓಡಿ ಬಂದು ಅಪ್ಪಿಕೊಳ್ಳುವ ಮಗುವಿನ ಬಗ್ಗೆ ನಮಗೆ ಚಿಂತೆ. ಅವಳು ಎಷ್ಟೋ ಜನರನ್ನು ಹೀಗೆ ಅಪ್ಪಿಕೊಂಡಿದ್ದಾಳೆ. ಎಲ್ಲರೂ ಹೋಗಿದ್ದಾರೆ. ನೀವೂ ಹೋಗುತ್ತೀರಿ. ಅವಳು ಅಪ್ಪಿಕೊಳ್ಳಬೇಕಾದವರು ಇಲ್ಲೇ ಇರುವವರು." ಮಾತಿನಲ್ಲಿ ಸ್ವಲ್ಪವೂ ಕಟುತನ ಇರಲಿಲ್ಲ. ಸೊಪ್ಪಿನ ಮರಿಗೆಯನ್ನು ನನ್ನ ಕಡೆಗೂ ತಳ್ಳಿದರು.

ನನ್ನ ಜಾಗ ಹೊಲಿಗೆ ಕೋಣೆ ಅಂತ ಅವರು ಮೊದಲೇ ನಿರ್ಧರಿಸಿದ್ದರು. ಮಕ್ಕಳನ್ನು ಮೀಯಿಸುವುದು, ಉಣಿಸುವುದು, ಮಲಗಿಸುವುದು ಮನೆಯ ತಾಯಂದಿರ ಕೆಲಸ. ಬಂದುಹೋಗುವವರಿಗೆ ಅದು ಇಲ್ಲ. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ದುಡ್ಡು ಕೊಟ್ಟು ಅನಾಥಾಲಯಗಳಿಗೆ ಬರುವುದು ಒಂದು ಕಾಲದಲ್ಲಿ ಆಫ್ರಿಕಾ, ಕಾಂಬೋಡಿಯಾ, ನೇಪಾಳಗಳಲ್ಲಿ ಪ್ರವಾಸದ ಒಂದು ಭಾಗವೇ ಆಗಿಬಿಟ್ಟಿತ್ತು. ಬರುವವರು ಜಾಸ್ತಿಯಾದ ಹಾಗೆ ಅವರಿಗೆ ತೋರಿಸಲು ಮಕ್ಕಳೂ ಬೇಕಾದರು. ಅಪ್ಪ ಅಮ್ಮ ಇರುವ ಮಕ್ಕಳನ್ನೇ ಊರುಗಳಿಂದ ತಂದು ಅನಾಥರು ಅಂತ ತುಂಬಿಸಿದ ಪ್ರಕರಣಗಳು ಹೊರಬಂದವು. ಕೀನ್ಯಾ ಸರ್ಕಾರ 2017ರಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು. ಮಕ್ಕಳನ್ನು ಇಂಥ ಮನೆಗಳಿಂದ ಕುಟುಂಬಗಳಿಗೆ ಸೇರಿಸಲು 2032ರವರೆಗಿನ ಹತ್ತು ವರ್ಷದ ಯೋಜನೆಯನ್ನೂ ಅದೇ ವರ್ಷ ಹೊರಡಿಸಿದರು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಿರಬೇಕು ಅಂತ ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಹೇಳುತ್ತದೆ.

ಈ ಮನೆ ಆ ದಾರಿ ಹಿಡಿದಿದೆ. ಇಲ್ಲಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಅಜ್ಜಿಯೋ ಚಿಕ್ಕಮ್ಮನೋ ಇದ್ದಾರೆ. ಹಾಗಾದರೆ ಮಕ್ಕಳು ಇಲ್ಲಿಗೆ ಬಂದದ್ದು ಯಾಕೆ? ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ ಒಣಗಿತು. ಅಮ್ಮ ಸತ್ತಳು, ಅಪ್ಪ ಮೊಂಬಾಸಾಗೆ ಕೂಲಿಗೆ ಹೋದವನು ತಿರುಗಿ ಬರಲಿಲ್ಲ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಹೆಚ್ಚಿನ ಸಲ ಕಾರಣ ಬಡತನ. ಕೀನ್ಯಾದಲ್ಲಿ 2003ರಿಂದ ಪ್ರೈಮರಿ ಶಾಲೆಗೆ ಫೀಸ್ ಇಲ್ಲ. ಆದರೆ ಯೂನಿಫಾರ್ಮು, ಪುಸ್ತಕ, ಪರೀಕ್ಷೆಯ ದುಡ್ಡು ಅಂತ ಖರ್ಚು ಇದ್ದೇ ಇದೆ. ಯೂನಿಫಾರ್ಮ್ ಇಲ್ಲದೆ ಕ್ಲಾಸಿನಲ್ಲಿ ಕೂರುವುದು ಮಗುವಿಗೂ ನಾಚಿಕೆ. ಮಕ್ಕಳ ಮನೆಗೆ ಸೇರಿಸಿದರೆ ಓದು, ಊಟ ಎರಡೂ ಸಿಗುತ್ತದಲ್ಲ ಅಂತ ಅಜ್ಜಿ ಕೈಹಿಡಿದು ತಂದು ಬಿಟ್ಟು ಹೋಗುತ್ತಾಳೆ.

ನನ್ನ ಮೆಷಿನ್ ಕೋಣೆಗೂ ಇದಕ್ಕೂ ಇರುವ ಸಂಬಂಧ ಆಗ ಗೊತ್ತಾಯಿತು. ತನ್ನವರ ಮನೆಗೆ ವಾಪಸ್ ಹೋಗುವ ಪ್ರತಿ ಮಗುವಿನ ಜೊತೆ ಎರಡು ಜೊತೆ ಯೂನಿಫಾರ್ಮ್ ಕಳಿಸಬೇಕು. ಅಂಗಡಿಯಲ್ಲಿ ಕೊಂಡರೆ ದುಬಾರಿ. ಒಂದೊಂದು ಶಾಲೆಗೆ ಒಂದೊಂದು ಬಣ್ಣ, ಒಂದೊಂದು ಚೌಕಳಿ. ಇಲ್ಲೇ ಹೊಲಿದರೆ ಬಟ್ಟೆಯ ಖರ್ಚು ಮಾತ್ರ.

ಮೆಷಿನ್‌ಗಳ ಸ್ಥಿತಿ ನೋಡಿ ನನಗೆ ಸಂಕಟವೇ ಆಯಿತು. ಎಲ್ಲ ಕಾಲು ಮೆಷಿನ್‌ಗಳು, ಒಳ್ಳೆಯ ಕಬ್ಬಿಣ. ಕರಾವಳಿಯ ಉಪ್ಪು ಗಾಳಿ ತಿಂದುಹಾಕಿತ್ತು. ಒಂದರ ಚಕ್ರ ತಿರುಗುವುದಿಲ್ಲ, ಇನ್ನೊಂದಕ್ಕೆ ಬಾಬಿನ್ ಕೇಸೇ ಇಲ್ಲ. ಮೊದಲ ಕೆಲವು ದಿನ ಬರೀ ಬಿಚ್ಚುವುದು, ಸೀಮೆಎಣ್ಣೆಯಲ್ಲಿ ನೆನೆಸುವುದು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವುದು. ದೊಡ್ಡ ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ನಿಂತು ನೋಡುತ್ತಿದ್ದರು. ಹತ್ತಿರ ಬಂದವನು ಒಬ್ಬ ಹುಡುಗ, ಹದಿಮೂರು ಹದಿನಾಲ್ಕರವನು. ಜಾಸ್ತಿ ಮಾತಿಲ್ಲ. ನಾನು ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಪೇಪರಿನ ಮೇಲೆ ಜೋಡಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ನಂಬರ್ ಹಾಕುತ್ತಾ ಹೋದ. ಯಾರೂ ಹೇಳಿಕೊಟ್ಟದ್ದಲ್ಲ. ತಿರುಗಿ ಜೋಡಿಸುವಾಗ ಆ ಪೇಪರ್ ಇಲ್ಲದಿದ್ದರೆ ನನಗೆ ಇಡೀ ದಿನ ಬೇಕಾಗುತ್ತಿತ್ತು. ಆಮೇಲಾಮೇಲೆ ಟೆನ್ಶನ್ ಸ್ಪ್ರಿಂಗ್ ಸರಿಮಾಡುವುದನ್ನು ಅವನೇ ನೋಡಿಕೊಂಡ. ದಾರ ಎಳೆದು, ಕಿವಿ ಹತ್ತಿರ ತಂದು, ಸದ್ದು ಕೇಳಿ ಸ್ಕ್ರೂ ತಿರುಗಿಸುತ್ತಿದ್ದ. ನನ್ನ ಇಷ್ಟು ವರ್ಷದ ಶಿಷ್ಯರಲ್ಲಿ ಅಂಥ ಕೈ ಕಂಡದ್ದು ಕಡಿಮೆ.

ಮೆಷಿನ್ ಓಡಿದ ಮೇಲೆ ಹುಡುಗಿಯರೂ ಬಂದರು. ಮನೆಯ ತಾಯಂದಿರು ಇಬ್ಬರು ಬಂದರು. ಅದು ನನಗೆ ಹೆಚ್ಚು ಮುಖ್ಯ, ಯಾಕೆಂದರೆ ಅವರು ಅಲ್ಲೇ ಇರುವವರು. ಮಕ್ಕಳ ಯೂನಿಫಾರ್ಮ್ ಹೊಲಿಯುವಾಗ ನಾನು ಒತ್ತಿ ಒತ್ತಿ ಹೇಳಿದ್ದು ಮಡಿಕೆಯ ಬಗ್ಗೆ. ಹುಡುಗಿಯರ ಟ್ಯೂನಿಕ್‌ಗೆ ಕೆಳಗೆ ನಾಲ್ಕು ಇಂಚು ಮಡಚಿ ಕೈಹೊಲಿಗೆ ಹಾಕಬೇಕು, ಬಿಚ್ಚಲು ಸುಲಭ. ಸೊಂಟದ ಬೆಲ್ಟಿನ ಒಳಗೆ ಇನ್ನೊಂದು ಮಡಿಕೆ ಅಡಗಿಸಿ ಇಡಬೇಕು. ಬದಿ ಹೊಲಿಗೆಯಲ್ಲಿ ಒಂದೊಂದು ಇಂಚು ಬಿಡಬೇಕು. ಹುಡುಗರ ಚಡ್ಡಿಗೆ ಹಿಂದೆ ನಡುವಿನ ಹೊಲಿಗೆಯಲ್ಲಿ ಬಟ್ಟೆ ಬಿಟ್ಟರೆ ಎರಡು ವರ್ಷ ಎಳೆಯಬಹುದು. ಅಂಗಡಿಯ ಯೂನಿಫಾರ್ಮಿನಲ್ಲಿ ಅರ್ಧ ಇಂಚೂ ಬಿಟ್ಟಿರುವುದಿಲ್ಲ. ಮಗು ಬೆಳೆದ ಕೂಡಲೇ ಹೊಸದು ಕೊಳ್ಳಬೇಕು, ಕೊಳ್ಳಲಾಗದಿದ್ದರೆ ಶಾಲೆ ತಪ್ಪುತ್ತದೆ. ಬಟ್ಟೆ ಕತ್ತರಿಸುವಾಗ ಇದನ್ನು ಹೇಳಿದಾಗ ತಾಯಂದಿರಲ್ಲಿ ಒಬ್ಬರು ಬಾಯಿ ಬಿಟ್ಟು "ಎ-ಹೇ" ಅಂದರು. ಅವರ ಮನೆಯಲ್ಲೂ ಮೂರು ಮಕ್ಕಳಿದ್ದಾರೆ.

ಸಂಜೆ ಏಳಕ್ಕೆ ಪ್ರಾರ್ಥನೆ. ಒಂದೊಂದು ಮನೆಯವರು ಸರದಿಯಂತೆ ನಡೆಸುತ್ತಾರೆ. ಕರ್ತನ ಪ್ರಾರ್ಥನೆಯನ್ನು ಅವರು ಸ್ವಾಹಿಲಿಯಲ್ಲಿ, ನಾನು ಕನ್ನಡದಲ್ಲಿ. ಮುಗಿಯುವಾಗ ಹೆಚ್ಚು ಕಡಿಮೆ ಒಟ್ಟಿಗೇ ಆಮೆನ್. ಹಾಡು ಶುರುವಾದರೆ ಮಾತ್ರ ಬೇಗ ನಿಲ್ಲುವುದಿಲ್ಲ. ಕಯಾಂಬಾ ಅಂತ ಒಂದು ವಾದ್ಯ ಇದೆ. ಜೊಂಡಿನ ಕಡ್ಡಿಗಳನ್ನು ಚಪ್ಪಟೆಯಾಗಿ ಕಟ್ಟಿ ಒಳಗೆ ಬೀಜ ತುಂಬಿಸಿರುತ್ತಾರೆ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಮರದ ಮಾಡಿನ ಮೇಲೆ ಮಳೆ ಸುರಿದಂಥ ಸದ್ದು. ಭಾನುವಾರದ ಆರಾಧನೆಯಲ್ಲೂ ಅದೇ. ಮಂಗಳೂರಿನ ಬಲ್ಮಠದ ಶಾಂತಿ ದೇವಾಲಯದ ಗಂಭೀರ ಸಂಗೀತಕ್ಕೆ ಒಗ್ಗಿದ ನನಗೆ ಮೊದಲು ಸುಮ್ಮನೆ ನಿಲ್ಲಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಪಕ್ಕದ ಅಜ್ಜಿ ನನ್ನ ಮೊಣಕೈ ಹಿಡಿದು ಎಬ್ಬಿಸಿದರು.

ಅಲ್ಲಿನ ಪಾಸ್ಟರ್ ಒಂದು ಭಾನುವಾರ 68ನೇ ಕೀರ್ತನೆಯ ಮೇಲೆ ಮಾತಾಡಿದರು. ದೇವರು ದಿಕ್ಕಿಲ್ಲದವರ ತಂದೆ, ಒಂಟಿಯಾದವರನ್ನು ಮನೆಮಂದಿಯ ನಡುವೆ ಸೇರಿಸುವವನು ಎಂಬ ಭಾಗ. ನಾವು ಕಟ್ಟಿದ ಗೋಡೆಗಳ ಬಗ್ಗೆ ಹೆಮ್ಮೆ ಪಡುವುದು ಸಾಕು, ಇಲ್ಲಿರುವ ಒಂದೊಂದು ಮಗುವಿನ ಮನೆಮಂದಿಯನ್ನು ಹುಡುಕುವುದು ಈಗ ನಮ್ಮ ಸೇವೆ ಅಂದರು. ಸಭೆಯಲ್ಲಿ ಎಲ್ಲರಿಗೂ ಇದು ಇಷ್ಟವಿದ್ದಂತೆ ಕಾಣಲಿಲ್ಲ. ಮಕ್ಕಳ ಮನೆಯಿಂದ ಎಷ್ಟೋ ಜನರಿಗೆ ಕೆಲಸ ಸಿಕ್ಕಿದೆ. ಹೊರದೇಶದವರು ಹಣ ಕೊಡುವುದು ಕಟ್ಟಡಕ್ಕೆ, ಮಂಚಕ್ಕೆ. ಅಜ್ಜಿಯ ಗುಡಿಸಲಿಗೆ ತಿಂಗಳು ತಿಂಗಳು ದುಡ್ಡು ಕಳಿಸುವುದಕ್ಕೆ ಕೊಡುವವರು ಕಡಿಮೆ. ಅದರ ಮೇಲೆ ಬೋರ್ಡ್ ಹಾಕಲಿಕ್ಕೆ ಆಗುವುದಿಲ್ಲವಲ್ಲ.

ರಬೈ ಅಲ್ಲಿಗೆ ಹತ್ತಿರ. ಒಂದು ಶನಿವಾರ ತಮ್ಮ ಕರೆದುಕೊಂಡು ಹೋದ. ಮಂಗಳೂರಿನ ಪ್ರಾಟೆಸ್ಟೆಂಟರಿಗೆ ರಬೈ ನೋಡಲೇಬೇಕಾದ ಊರು ಅಂತ ನನಗೆ ಅನ್ನಿಸಿತು. ಇಲ್ಲಿ ಸಭೆ ಶುರುಮಾಡಿದ ಯೋಹಾನ್ ಲುಡ್ವಿಗ್ ಕ್ರಾಫ್ ಮತ್ತು ಯೋಹಾನೆಸ್ ರೆಬ್‌ಮಾನ್ ಇಬ್ಬರೂ ಕಲಿತದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳಿಸಿದ್ದೂ ಅದೇ ಮಿಶನ್. ಕ್ರಾಫ್ ಇಂಗ್ಲಿಷರ ಮಿಶನ್ ಸೇರಿ 1844ರಲ್ಲಿ ಮೊಂಬಾಸಾಗೆ ಬಂದರು. ಬಂದ ಎರಡೇ ತಿಂಗಳಲ್ಲಿ ಜ್ವರದಿಂದ ಹೆಂಡತಿ ತೀರಿಕೊಂಡರು, ಕೆಲವೇ ದಿನಗಳ ಹಸುಗೂಸೂ ತೀರಿಕೊಂಡಿತು. ಆದರೂ ಊರು ಬಿಡಲಿಲ್ಲ. ಅವರ ಸ್ವಾಹಿಲಿ ನಿಘಂಟು 1882ರಲ್ಲಿ ಅಚ್ಚಾಯಿತು. ನಮ್ಮ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಒಂದೇ ಸೆಮಿನರಿಯಲ್ಲಿ ಕಲಿತವರು ಎರಡು ಸಮುದ್ರ ತೀರಗಳಲ್ಲಿ ಕೂತು ಒಂದೇ ತರಹದ ಕೆಲಸ ಮಾಡಿದ್ದಾರೆ. ರಬೈನಲ್ಲಿ ಹಳೆಯ ಚರ್ಚಿನ ಪಕ್ಕ ಕ್ರಾಫ್ ಹೆಸರಿನ ಸಣ್ಣ ಮ್ಯೂಸಿಯಂ ಇದೆ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಮೊಂಬಾಸಾದ ಫ್ರೆರ್ ಟೌನ್. ನ್ಯಾಲಿ ಸೇತುವೆ ದಾಟಿದ ಮೇಲೆ ಕೆಂಗೆಲೆನಿ ಎಂಬ ಸರ್ಕಲ್ಲಿನ ಹತ್ತಿರ ಒಂದು ಹಳೆ ಗಂಟೆ ಇದೆ. ಟುಕ್‌ಟುಕ್‌ಗಳು, ಮತಾಟು ವ್ಯಾನುಗಳು ಅದರ ಸುತ್ತ ಹಾರ್ನ್ ಹೊಡೆಯುತ್ತಾ ಓಡುತ್ತಿರುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳನ್ನು ಬ್ರಿಟಿಷ್ ನೌಕೆಗಳು ಸಮುದ್ರದಲ್ಲೇ ಹಿಡಿದವು. ಒಳಗಿದ್ದ ಆಫ್ರಿಕಾದ ಮಕ್ಕಳಲ್ಲಿ ಹಲವರನ್ನು ಮುಂಬೈಗೆ ತಂದರು. ಅವರಲ್ಲಿ ಕೆಲವರು ಬೆಳೆದದ್ದು ನಾಸಿಕದ ಶರಣಪುರದಲ್ಲಿ, ಮಿಶನ್ನಿನವರ ಆಶ್ರಯದಲ್ಲಿ. ಅಲ್ಲೇ ಓದು, ಬಡಗಿ ಕೆಲಸ, ಕಮ್ಮಾರ ಕೆಲಸ ಕಲಿತರು. 1870ರ ದಶಕದಲ್ಲಿ, ನಾಸಿಕದಲ್ಲಿದ್ದ ವಿಲಿಯಂ ಪ್ರೈಸ್ ಎಂಬ ಪಾದ್ರಿಯೇ ಇಲ್ಲಿಗೆ ಬಂದು, ಬಿಡುಗಡೆಯಾದ ಗುಲಾಮರಿಗಾಗಿ ಫ್ರೆರ್ ಟೌನ್ ಕಟ್ಟಿದರು. ನಾಸಿಕದಲ್ಲಿ ಬೆಳೆದವರು ಈ ಊರಿನ ಶಿಕ್ಷಕರೂ ಕೆಲಸಗಾರರೂ ಆದರು. 'ಬಾಂಬೆ ಆಫ್ರಿಕನ್ಸ್' ಅಂತಲೇ ಅವರನ್ನು ಕರೆಯುತ್ತಿದ್ದರು. ಗುಲಾಮರನ್ನು ಹಿಡಿಯುವವರು ಬಂದರೆ ಎಚ್ಚರಿಸಲು ಈ ಗಂಟೆ.

ನನಗೆ ಅಲ್ಲಿ ನಿಂತಾಗ ಬಂದ ಯೋಚನೆ ಒಂದೇ. ಆ ಮಕ್ಕಳಿಗೆ ಮನೆ ಎಲ್ಲಿ ಅಂತ ಹೇಳುವವರು ಯಾರೂ ಇರಲಿಲ್ಲ. ಯಾವ ಊರು, ಯಾವ ಅಮ್ಮ, ಯಾವುದೂ ನೆನಪಿರದಷ್ಟು ಚಿಕ್ಕವರಾಗಿದ್ದಾಗ ಎತ್ತಿಕೊಂಡು ಹೋಗಿದ್ದರು. ಆಫ್ರಿಕಾಕ್ಕೆ ತಿರುಗಿ ಬಂದರೂ ತಮ್ಮವರ ಹತ್ತಿರ ಹೋಗಲು ಅವರಿಗೆ ಆಗಲಿಲ್ಲ. ಕಲೊಲೇನಿ ರಸ್ತೆಯ ಮಕ್ಕಳಿಗೆ ಹಾಗಿಲ್ಲ. ಅವರ ಅಜ್ಜಿ ಇರುವುದು ಒಂದು ಮತಾಟು, ಒಂದು ಬೈಕಿನ ದಾರಿಯಲ್ಲಿ. ಅಷ್ಟು ಹತ್ತಿರ ಇದ್ದೂ ವರ್ಷಗಟ್ಟಲೆ ಬೇರೆ ಇಡುವುದು ಸರಿಯಲ್ಲ. ಅದನ್ನು ಸೇವೆ ಅಂತ ಕರೆಯಲು ನನಗೆ ಇನ್ನು ಮನಸ್ಸು ಬರುವುದಿಲ್ಲ.

ಆಗಸ್ಟ್ ರಜೆಯಲ್ಲಿ ಒಬ್ಬ ಹುಡುಗಿಯನ್ನು ಬಿಟ್ಟುಬರಲು ಸೋಶಿಯಲ್ ವರ್ಕರ್ ಹೊರಟರು. ಎಳೆಯ ಪ್ರಾಯದ ಹುಡುಗ, ತುಂಬಾ ತಾಳ್ಮೆ. ಈ ಹುಡುಗಿಯ ಅಜ್ಜಿಯ ಮನೆಗೆ ಆತ ಎಷ್ಟೋ ಸಲ ಹೋಗಿ ಬಂದಿದ್ದರು. ಹಳ್ಳಿಯ ಮುಖ್ಯಸ್ಥರ ಹತ್ತಿರ ಮಾತಾಡಿ, ಶಾಲೆ ನೋಡಿ, ಹುಡುಗಿಯನ್ನು ವಾರದ ಮಟ್ಟಿಗೆ ಕಳಿಸಿ ನೋಡಿ, ಆಮೇಲೆ ಈ ದಿನ. ಯೂನಿಫಾರ್ಮಿನ ಅಳತೆ ಅಜ್ಜಿಗೆ ತೋರಿಸಲು ನೀವೂ ಬನ್ನಿ ಅಂತ ಮೇಟ್ರನ್ ನನ್ನನ್ನೂ ಕಳಿಸಿದರು.

ಮತಾಟು ಇಳಿದು ಬೈಕ್ ಹತ್ತಿದೆವು. ಬೋಡಾ-ಬೋಡಾ ಅಂತಾರೆ. ಸಿಕ್ಕಿದ್ದು ಟಿವಿಎಸ್, ನಮ್ಮ ಭಾರತದ್ದೇ. ಹುಡುಗಿಯ ತಗಡಿನ ಪೆಟ್ಟಿಗೆಯನ್ನು ಇನ್ನೊಂದು ಬೈಕಿಗೆ ಹಗ್ಗದಿಂದ ಬಿಗಿದರು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ತೋಟದ ನಡುವಿನ ಮನೆ ಕಾಣಿಸಿದ ಮೇಲೆ ಬೈಕ್ ನಿಲ್ಲುವ ಮೊದಲೇ ಇಳಿಯಲು ಹೋದಳು. ಅಜ್ಜಿ ಲೆಸೊ ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. ಅಲ್ಲೇ ಚಿಕ್ಕಮ್ಮ, ಅವರ ಮಕ್ಕಳು, ಅಕ್ಕಪಕ್ಕದವರು. ಅಳು, ನಗು, ಗಲಾಟೆ. ಒಬ್ಬ ಹುಡುಗ ಆಗಲೇ ತೆಂಗಿನ ಮರ ಹತ್ತಿ ಎಳನೀರು ಕೀಳುತ್ತಿದ್ದ.

ಪೆಟ್ಟಿಗೆ ತೆರೆದು ಯೂನಿಫಾರ್ಮ್ ತೆಗೆದು ಕೊಟ್ಟೆ. ಅಜ್ಜಿ ಅದನ್ನು ಮೇಲೆ ನೋಡಲಿಲ್ಲ, ತಿರುಗಿಸಿ ಒಳಗೆ ನೋಡಿದರು. ಕೆಳಗಿನ ಮಡಿಕೆಯನ್ನು ಬೆರಳಿನಿಂದ ಅಳೆದರು. ನಾಲ್ಕು ಬೆರಳಿಗಿಂತ ಜಾಸ್ತಿ. ಆಮೇಲೆ ಸೊಂಟದ ಒಳಗೆ ಅಡಗಿದ್ದ ಮಡಿಕೆ ಕೈಗೆ ಸಿಕ್ಕಿತು. ನನ್ನ ಮುಖ ನೋಡಿ, ಗಿರಿಯಾಮಾ ಮಾತಿನಲ್ಲಿ ಏನೋ ಹೇಳಿ ಜೋರಾಗಿ ನಕ್ಕರು. "ಇವಳು ಮದುವೆಯಾಗುವವರೆಗೂ ಇದೇ ಸಾಕು ಅಂತಾರೆ" ಅಂತ ಸೋಶಿಯಲ್ ವರ್ಕರ್ ಹೇಳಿದರು. ನನ್ನ ಜೀವಮಾನದಲ್ಲಿ ನಾನು ಹೊಲಿದ ಬಟ್ಟೆಗೆ ಸಿಕ್ಕ ದೊಡ್ಡ ಹೊಗಳಿಕೆ ಅದು.

ಬಿಟ್ಟುಬಂದರೆ ಮುಗಿಯಲಿಲ್ಲ. ಅಜ್ಜಿಯ ಫೋನಿಗೆ ತಿಂಗಳಿಗೊಮ್ಮೆ ಎಂ-ಪೆಸಾದಲ್ಲಿ ದುಡ್ಡು ಹೋಗುತ್ತದೆ. ಬ್ಯಾಂಕ್ ಬೇಕಿಲ್ಲ. 2007ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಹಳ್ಳಿಯ ಸಣ್ಣ ಅಂಗಡಿಯಲ್ಲೂ ನಗದು ಸಿಗುತ್ತದೆ. ಎರಡು ಮೇಕೆ ಕೊಡಿಸಿದ್ದಾರೆ. ಸೋಶಿಯಲ್ ವರ್ಕರ್ ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋಗಿ ನೋಡಬೇಕು. ಹೊಡೆಯುತ್ತಾರಾ, ಶಾಲೆಗೆ ಕಳಿಸುತ್ತಾರಾ, ಮಗು ಉಂಡಿದೆಯಾ. ಎಲ್ಲ ಮಗುವಿಗೂ ಇದು ಆಗುವುದಿಲ್ಲ. ಮನೆಯಲ್ಲೇ ಅಪಾಯ ಇರುವ ಮಕ್ಕಳಿದ್ದಾರೆ, ಹುಡುಕಿದರೂ ಯಾರೂ ಸಿಗದ ಮಕ್ಕಳಿದ್ದಾರೆ. ಅವರಿಗೆ ಅಲ್ಲೇ ಊರಿನಲ್ಲಿ ಸಾಕುವ ಕುಟುಂಬಗಳನ್ನು ನೋಡುತ್ತಿದ್ದಾರೆ. ನನ್ನ ಮೊಣಕಾಲು ಅಪ್ಪಿಕೊಂಡಿದ್ದ ಪುಟ್ಟಿಗೂ ಹಾಗೆ ಒಂದು ಮನೆ ಸಿಗುವ ಮಾತು ನಡೆಯುತ್ತಿತ್ತು. ನಾನು ಹೊರಡುವ ದಿನಗಳಲ್ಲಿ ಅವಳು ಮೇಟ್ರನ್ನರ ಸೆರಗು ಹಿಡಿದು ಹಿಂದೆ ನಿಲ್ಲುತ್ತಿದ್ದಳು, ಇಣುಕಿ ನೋಡುತ್ತಿದ್ದಳು. ಮೇಟ್ರನ್ ನನಗೆ ಕಣ್ಣಲ್ಲೇ ಅದನ್ನು ತೋರಿಸಿದರು.

ಇಂಥ ಕಡೆ ಹೋಗಬೇಕು ಅಂತ ನಮ್ಮ ಸಭೆಯಲ್ಲಿ ಕೆಲವರು ಈಗ ಕೇಳುತ್ತಾರೆ. ನಿಮಗೆ ಏನು ಕೆಲಸ ಗೊತ್ತು ಅಂತ ನಾನು ತಿರುಗಿ ಕೇಳುತ್ತೇನೆ. ವಯರಿಂಗ್, ಪ್ಲಂಬಿಂಗ್, ಲೆಕ್ಕ ಬರೆಯುವುದು, ನರ್ಸಿಂಗ್, ಕಂಪ್ಯೂಟರ್, ಏನಾದರೂ ಸರಿ. ಅದನ್ನು ಅಲ್ಲಿನ ದೊಡ್ಡವರಿಗೆ ಕಲಿಸಿ ಬರುವುದಾದರೆ ಹೋಗಿ. ಹೋಗುವ ಮೊದಲು ಆ ಮನೆಯವರಿಗೆ ಒಂದು ಪ್ರಶ್ನೆ ಬರೆದು ಕೇಳಿ: ಹೋದ ವರ್ಷ ಎಷ್ಟು ಮಕ್ಕಳು ತಮ್ಮ ಮನೆಗೆ ವಾಪಸ್ ಹೋದರು? ಉತ್ತರ ಬರದಿದ್ದರೆ ಟಿಕೆಟ್ ಮಾಡಿಸಬೇಡಿ. ಕೈಯಲ್ಲಿ ಕೆಲಸ ಇಲ್ಲ, ಮನಸ್ಸು ಮಾತ್ರ ಇದೆ ಅನ್ನುವವರು ವಿಮಾನದ ದುಡ್ಡನ್ನೇ ಕಳಿಸಿಬಿಡಿ. ಒಂದು ಟಿಕೆಟ್‌ನ ದುಡ್ಡಿನಲ್ಲಿ ಒಬ್ಬ ಅಜ್ಜಿಗೆ ಬಹಳ ಕಾಲ ಆಸರೆ ಆಗುತ್ತದೆ.

ಹೊಲಿಗೆ ಕೋಣೆಯ ಕೆಲಸ ಈಗಲೂ ನಿಂತಿಲ್ಲ. ಅಕ್ಕಪಕ್ಕದ ಶಾಲೆಗಳ ಪೋಷಕರೂ ಅಲ್ಲಿ ಹೊಲಿಸಲು ಬರುತ್ತಿದ್ದಾರಂತೆ, ಅದರ ದುಡ್ಡು ಮಕ್ಕಳ ಪ್ರಯಾಣದ ಖರ್ಚಿಗೆ. ಸ್ಕ್ರೂ ಜೋಡಿಸಿದ ಹುಡುಗ ಪಟ್ಟಿ ಕಳಿಸಿದ್ದಾನೆ: 16ನೇ ನಂಬರ್ ಸೂಜಿ, ಬಾಬಿನ್ ಕೇಸು, ಮೆಷಿನ್ ಎಣ್ಣೆ, ಒಂದು ಒಳ್ಳೆ ಸ್ಕ್ರೂಡ್ರೈವರ್ ಸೆಟ್ಟು. ಮಂಗಳೂರಿನ ಹಂಪನಕಟ್ಟೆಯಲ್ಲಿ ಎಲ್ಲ ಸಿಕ್ಕಿತು. ಎಣ್ಣೆ ಮಾತ್ರ ವಿಮಾನದಲ್ಲಿ ಬೇಡ, ಅಲ್ಲೇ ಕೊಳ್ಳಿ ಅಂತ ಹೇಳಿದ್ದೇನೆ. ತಮ್ಮ ಡಿಸೆಂಬರ್‌ನಲ್ಲಿ ಊರಿಗೆ ಬಂದು ವಾಪಸ್ ಹೋಗುವಾಗ ಕಟ್ಟು ತೆಗೆದುಕೊಂಡು ಹೋಗುತ್ತಾನೆ. ಜನವರಿಯಲ್ಲಿ ಅಲ್ಲಿ ಹೊಸ ಶಾಲಾ ವರ್ಷ ಶುರು. ಅಷ್ಟರೊಳಗೆ ಮನೆಗೆ ಹೋಗುವ ಇನ್ನೂ ನಾಲ್ಕು ಮಕ್ಕಳ ಯೂನಿಫಾರ್ಮ್ ಆಗಬೇಕು.